ಬೋಗಿ ಎಣಿಸುತ್ತಿದ್ದವಳು ರೇಕಿ ಕಲಿತಿದ್ದು

ಹೋದ ವಾರ ರಾತ್ರಿ ಗೆಳತಿಯೊಬ್ಬಳು ವಾಟ್ಸಾಪ್‌ನಲ್ಲಿ ಒಂದು ಫೋಟೊ ಕಳಿಸಿದಳು. ಅವಳ ಮೊಬೈಲಿನ ಗಡಿಯಾರದ್ದೇ ಫೋಟೊ. 11:11. ಕೆಳಗೆ ಒಂದೇ ಸಾಲು, 'ನೋಡಿದ್ಯಾ, ಮತ್ತೆ ಬಂತು.' ಈ ತಿಂಗಳಲ್ಲಿ ಇದು ಏಳನೇ ಸಲವಂತೆ. ಏಂಜೆಲ್ ನಂಬರ್ ಅಂತಾರೆ ಇದಕ್ಕೆ. ಒಂದೇ ಅಂಕಿ ಸಾಲಾಗಿ ಕಣ್ಣಿಗೆ ಬಿದ್ದರೆ ಮೇಲಿನವರು ನಮಗೆ ಏನೋ ಹೇಳುತ್ತಿದ್ದಾರೆ ಅಂತ ಅರ್ಥ. ಪಕ್ಕದಲ್ಲಿದ್ದ ನನ್ನ ಗಂಡ ಇಣುಕಿ ನೋಡಿ, 'ಅದು ದಿನಕ್ಕೆ ಎರಡು ಸಲ ಎಲ್ಲರ ಮನೆಗೂ ಬರುತ್ತಲ್ಲ' ಅಂದು ನಕ್ಕ.

ನನಗೆ ನಗು ಬರಲಿಲ್ಲ. ಅವಳ ಮನೆಯ ಕಥೆ ನನಗೆ ಗೊತ್ತು. ಅದಕ್ಕಿಂತ ಜಾಸ್ತಿ, ನನ್ನ ಕಥೆ ನನಗೆ ಗೊತ್ತು.

ಒಂದು ಕಾಲದಲ್ಲಿ ನನ್ನ ಕೈಚೀಲದಲ್ಲಿ ಮೂರು ಹರಳು, ಒಂದು ಪೆಂಡುಲಮ್, ಭವಿಷ್ಯ ನೋಡುವ ಒಂದು ಕಟ್ಟು ಟ್ಯಾರೋ ಕಾರ್ಡು ಇರುತ್ತಿದ್ದವು. ರೇಕಿ, ಅಂದರೆ ಮೈಮೇಲೆ ಅಂಗೈ ಇಟ್ಟು ವಾಸಿ ಮಾಡುತ್ತೇವೆ ಅನ್ನುವ ಜಪಾನಿನ ಪದ್ಧತಿ, ಅದನ್ನು ಎರಡನೇ ಹಂತದವರೆಗೆ ಕಲಿತಿದ್ದೇನೆ. ಹಿಂದಿನ ಜನ್ಮ ನೋಡಿಸಿಕೊಂಡಿದ್ದೇನೆ. ಮನೆಯವರಿಗೆ ಹೇಳದೆ ಇದಕ್ಕೆಲ್ಲ ಎಷ್ಟು ದುಡ್ಡು ಸುರಿದೆ ಅನ್ನೋದನ್ನು ಇಲ್ಲಿ ಬರೆಯೋದಿಲ್ಲ, ಗಂಡ ಈ ಬ್ಲಾಗ್ ಓದುತ್ತಾನೆ. ಈಗ ಅದ್ಯಾವುದೂ ಇಲ್ಲ. ಆದರೆ ಆ ಕಡೆ ಹೋಗುವವರನ್ನು ಪೆದ್ದರು ಅಂತ ಯಾರಾದರೂ ಅಂದರೆ ಇವತ್ತಿಗೂ ನನಗೆ ಸಿಟ್ಟು ಬರುತ್ತದೆ. ಆ ಸಿಟ್ಟು ಯಾಕೆ ಅಂತ ಯೋಚನೆ ಮಾಡ್ತಾ ಮಾಡ್ತಾ ಇದನ್ನು ಬರೆಯುತ್ತಿದ್ದೇನೆ.

ನಾನು ಬೆಳೆದಿದ್ದು ಅರಸೀಕೆರೆಯಲ್ಲಿ. ರೈಲ್ವೆ ಜಂಕ್ಷನ್ ಇರುವ ಊರು, ಹುಬ್ಬಳ್ಳಿ ಕಡೆ ಹೋಗುವ ದಾರಿಯಿಂದ ಹಾಸನ, ಮೈಸೂರಿಗೆ ಕವಲೊಡೆಯುವುದು ಅಲ್ಲೇ. ಸ್ಕೂಲಿಂದ ಮನೆಗೆ ಬರುವಾಗ ಗೇಟ್ ಹಾಕಿದ್ದರೆ ಗೂಡ್ಸ್ ರೈಲಿನ ಬೋಗಿ ಎಣಿಸೋದು ಎಲ್ಲ ಮಕ್ಕಳ ಆಟ. ನನಗೆ ಮಾತ್ರ ಅದು ಆಟ ಆಗಿರಲಿಲ್ಲ. ಬೋಗಿ ಸಮಸಂಖ್ಯೆ ಬಂದರೆ ಇವತ್ತು ಅಪ್ಪ ಕುಡಿದು ಬರೋದಿಲ್ಲ. ಬೆಸ ಬಂದರೆ ಬರ್ತಾರೆ. ಈ ನಿಯಮ ನನಗೆ ಯಾರೂ ಹೇಳಿಕೊಟ್ಟಿದ್ದಲ್ಲ, ಎರಡನೇ ಕ್ಲಾಸಿನಲ್ಲೋ ಮೂರನೇ ಕ್ಲಾಸಿನಲ್ಲೋ ನಾನೇ ಮಾಡಿಕೊಂಡಿದ್ದು. ಬೆಸ ಬಂದ ದಿನ ಕೊನೆಯ ಗಾರ್ಡ್ ಡಬ್ಬಿಯನ್ನೂ ಸೇರಿಸಿ ಸಮ ಮಾಡಿಕೊಳ್ಳುತ್ತಿದ್ದೆ. ಮುಂದೆ ದೊಡ್ಡವಳಾಗಿ, ಟ್ಯಾರೋದಲ್ಲಿ ಕೆಟ್ಟ ಕಾರ್ಡು ಬಂದಾಗ 'ಇದು ಸರಿಯಾಗಿ ಕಲೆಸಿರಲಿಲ್ಲ' ಅಂತ ಇನ್ನೊಂದು ಎಳೆಯುತ್ತಿದ್ದೆನಲ್ಲ, ಅದೇ ವಿದ್ಯೆ.

ಮನೆಗೆ ಬಂದಮೇಲೆ ಇನ್ನೊಂದು ಪರೀಕ್ಷೆ. ಅಪ್ಪನದು ಬಜಾಜ್ ಸ್ಕೂಟರ್. ರೇಷನ್ ಅಂಗಡಿ ತಿರುವಿನಲ್ಲಿ ಗೇರ್ ಇಳಿಸುವ ಸದ್ದಿನಲ್ಲೇ ಅರ್ಧ ಗೊತ್ತಾಗುತ್ತಿತ್ತು. ಗೇಟಿನ ಹತ್ತಿರ ಇಂಜಿನ್ ಆಫ್ ಮಾಡಿ ಸ್ಕೂಟರನ್ನು ತಳ್ಳಿಕೊಂಡು ಒಳಗೆ ಬಂದರೆ ಆ ದಿನ ಚೆನ್ನಾಗಿದೆ, ನಾನು ಲೆಕ್ಕದ ಪುಸ್ತಕ ಹಿಡಿದು ಹತ್ತಿರ ಹೋಗಬಹುದು, ಅಪ್ಪ ತಲೆ ಸವರಿ ಹೇಳಿಕೊಡುತ್ತಾರೆ ಕೂಡ, ಅವರಿಗೆ ಲೆಕ್ಕ ಬಹಳ ಚೆನ್ನಾಗಿ ಬರುತ್ತಿತ್ತು. ಇಂಜಿನ್ ಉರಿಯುತ್ತಿರುವಂತೆಯೇ ಗೇಟಿಗೆ ಮುಂದಿನ ಚಕ್ರದಿಂದ ಗುದ್ದಿ ಒಳಗೆ ಬಂದು ಸ್ಟ್ಯಾಂಡನ್ನು ಧಡ್ ಅಂತ ಒದ್ದರೆ ಮುಗೀತು. ಅಮ್ಮ ರೇಡಿಯೋ ಆರಿಸುತ್ತಿದ್ದಳು. ನಾನು ತಮ್ಮನ ಮಾರ್ಕ್ಸ್ ಕಾರ್ಡನ್ನು ಅಕ್ಕಿ ಡಬ್ಬಿಯ ಹಿಂದೆ ತಳ್ಳುತ್ತಿದ್ದೆ. ಇಷ್ಟೆಲ್ಲ ಆಗೋದಕ್ಕೆ ಅರ್ಧ ನಿಮಿಷ ಸಾಕಿತ್ತು, ಯಾರೂ ಯಾರಿಗೂ ಏನೂ ಹೇಳುತ್ತಿರಲಿಲ್ಲ.

ನನ್ನ ಗಂಡ ಬೆಳೆದ ಮನೆಯಲ್ಲಿ ಅಪ್ಪ ಅಂದರೆ ಸಂಜೆ ಆರೂವರೆಗೆ ಕಡ್ಲೆಕಾಯಿ ಪೊಟ್ಟಣ ಹಿಡಿದು ಬರುವವರು. ಪ್ರತಿದಿನ ಆರೂವರೆ. ಅವನಿಗೆ ಯಾವ ಸದ್ದನ್ನೂ ಓದುವ ಅಗತ್ಯ ಬಿದ್ದಿರಲಿಲ್ಲ. ಅವನಿಗೆ 11:11 ಬರೀ 11:11.

ಮನುಷ್ಯಶಾಸ್ತ್ರಜ್ಞ ಮಲಿನೋವ್‌ಸ್ಕಿ ನೂರು ವರ್ಷದ ಹಿಂದೆ ಈಗಿನ ಪಪುವಾ ನ್ಯೂಗಿನಿಗೆ ಸೇರಿದ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ಕಂಡು ಬರೆದ ಒಂದು ಸಂಗತಿ ನನಗೆ ತುಂಬ ಇಷ್ಟ. ಅಲ್ಲಿನ ಜನ ದಂಡೆಯೊಳಗಿನ ಶಾಂತ ನೀರಿನಲ್ಲಿ ಮೀನು ಹಿಡಿಯುವಾಗ ಮಂತ್ರ, ಮಾಟ ಏನೂ ಮಾಡುತ್ತಿರಲಿಲ್ಲ. ಅಲ್ಲಿ ಅಪಾಯ ಇಲ್ಲ, ಮೀನು ಸಿಕ್ಕೇ ಸಿಗುತ್ತದೆ. ತೆರೆದ ಕಡಲಿಗೆ ಹೊರಡುವಾಗ ಮಾತ್ರ ದೊಡ್ಡ ದೊಡ್ಡ ವಿಧಿಗಳು. ಜನ ಅದೇ, ಬುದ್ಧಿ ಅದೇ, ದೋಣಿ ಕಟ್ಟುವ ಕೈಚಳಕವೂ ಅದೇ. ನೀರು ಬೇರೆ. ನಾನು ಇದನ್ನು ಓದಿದಾಗ ನೆನಪಾಗಿದ್ದು ರೇಷನ್ ಅಂಗಡಿಯ ತಿರುವು.

ಇದನ್ನೇ ಪ್ರಯೋಗಾಲಯದಲ್ಲಿ ಮಾಡಿ ತೋರಿಸಿದ್ದೇವೆ ಅಂತ 2008ರಲ್ಲಿ ಅಮೆರಿಕದ ಇಬ್ಬರು, ವಿಟ್ಸನ್ ಮತ್ತು ಗ್ಯಾಲಿನ್‌ಸ್ಕಿ, 'ಸೈನ್ಸ್' ಪತ್ರಿಕೆಯಲ್ಲಿ ಬರೆದರು. ಹಿಡಿತ ತಪ್ಪಿದೆ ಅನ್ನುವ ಭಾವನೆ ಹುಟ್ಟಿಸಿದ ಮೇಲೆ ಜನರಿಗೆ ಬರೀ ಚುಕ್ಕೆಗಳ ಚಿತ್ರದಲ್ಲೂ ಏನೇನೋ ಆಕಾರ ಕಂಡಿತಂತೆ. ಬಹಳ ಸುದ್ದಿಯಾಗಿತ್ತು. 2018ರಲ್ಲಿ ಬೇರೆಯವರು ಇದೇ ಥರದ ಪ್ರಯೋಗಗಳನ್ನು ಮಾಡಿದಾಗ ಆ ಫಲಿತಾಂಶ ಬರಲಿಲ್ಲ. ನನಗೇನೂ ಆಶ್ಚರ್ಯ ಆಗಲಿಲ್ಲ. ಹತ್ತು ನಿಮಿಷ ಕಂಪ್ಯೂಟರ್ ಮುಂದೆ ಕೂರಿಸಿ ಗೊಂದಲ ಮಾಡಿಬಿಟ್ಟರೆ ಯಾರೂ ಬೋಗಿ ಎಣಿಸೋದಕ್ಕೆ ಶುರು ಮಾಡೋದಿಲ್ಲ. ಅದಕ್ಕೆ ಹತ್ತು ವರ್ಷ ಬೇಕು.

ಇಲ್ಲಿ ಒಂದು ಪ್ರಶ್ನೆ ಬರುತ್ತದೆ, ಬರಬೇಕು. ಕಷ್ಟ ಬಂದರೆ ದೇವಸ್ಥಾನ ಇಲ್ವಾ? ಅರಸೀಕೆರೆಯಂಥ ಊರಲ್ಲಿ ದೇವರಿಗೇನು ಬರವೇ? ಯಾವಳೋ ಇಂಗ್ಲಿಷ್ ಮಾತಾಡುವ ಹೆಂಗಸು ಜಪಾನಿನ ಚಿಹ್ನೆ ಬರೆದುಕೊಟ್ಟರೆ ಅದನ್ನು ಹಿಡಿದುಕೊಂಡು ಕೂರುವ ನೀನು, ಮನೆದೇವರ ಮುಂದೆ ಯಾಕೆ ಕೂರಲಿಲ್ಲ?

ಅಪ್ಪ ತುಂಬ ಭಕ್ತಿ ಇದ್ದ ಮನುಷ್ಯ. ಶನಿವಾರ ಆಂಜನೇಯನ ಗುಡಿ ತಪ್ಪಿಸಿದವರಲ್ಲ. ರಾತ್ರಿ ಏನೇ ಆಗಿರಲಿ, ಬೆಳಗ್ಗೆ ಎದ್ದು ತಣ್ಣೀರು ಸುರಿದುಕೊಂಡು, ಒದ್ದೆ ಪಂಚೆಯಲ್ಲೇ ದೇವರ ಕೋಣೆಗೆ ಹೋಗಿ ಗಂಟೆ ಬಾರಿಸುತ್ತಿದ್ದರು. ಅಮ್ಮ ಊದಿಕೊಂಡ ಕೆನ್ನೆ ಇಟ್ಟುಕೊಂಡು ದಾಸವಾಳದ ಬುಟ್ಟಿ ತಂದುಕೊಡುತ್ತಿದ್ದಳು. ನಾವು ಸಾಲಾಗಿ ನಿಂತು ಮಂಗಳಾರತಿ ತಗೋಬೇಕು. ಆರತಿ ತಟ್ಟೆ ಹಿಡಿದ ಕೈ ನನಗೆ ಗೊತ್ತಿತ್ತು. ಆ ದೇವರು ಯಾರ ಕಡೆ ಅಂತ ನನಗೆ ಆಗಲೇ ಅನ್ನಿಸಿಬಿಟ್ಟಿತ್ತು. ಹೇಳಿದ್ದರೆ ಕೆನ್ನೆಗೆ ಬೀಳುತ್ತಿತ್ತು, ಅದಕ್ಕೆ ಹೇಳಲಿಲ್ಲ. ಮನೆ ಬಿಟ್ಟು ಹೋಗೋದಕ್ಕೆ ಆಗುವ ವಯಸ್ಸಲ್ಲ, ಹಾಗಾಗಿ ಮನೆಯ ದೇವರನ್ನು ಬಿಟ್ಟೆ.

ನನ್ನಂಥವರು ಬಹಳ ಜನ ಇದ್ದಾರೆ. ರೇಕಿ ಕ್ಲಾಸಿನಲ್ಲಿ, ಟ್ಯಾರೋ ಗುಂಪುಗಳಲ್ಲಿ ಸಿಕ್ಕವರ ಜೊತೆ ಊಟದ ಹೊತ್ತಿಗೆ ಮಾತು ಶುರುವಾದರೆ ಅರ್ಧ ಗಂಟೆಯೊಳಗೆ ಒಂದು ಕೆಟ್ಟ ಮನೆ ಹೊರಬರುತ್ತಿತ್ತು. ಅಪ್ಪನೋ, ಚಿಕ್ಕಪ್ಪನೋ, ಹಾಸ್ಟೆಲ್ ವಾರ್ಡನ್ನೋ, ಒಂದೊಂದು ಸಲ ಮಠದವರೋ. ಯಾರಿಂದ ಪೆಟ್ಟು ಬಿತ್ತೋ ಅವರೇ ನಮಗೆ ದೇವರನ್ನೂ ಪರಿಚಯ ಮಾಡಿಸಿದ್ದರು. ಹಾಗಾಗಿ ನಮಗೆ ಬೇಕಾಗಿದ್ದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲದ ದೇವರು. ಜಪಾನಿನಿಂದ ಬಂದಿದ್ದರೆ ಇನ್ನೂ ಒಳ್ಳೆಯದು.

ಇದೇನೂ ಬೆಂಗಳೂರಿನ ಹೊಸ ಖಾಯಿಲೆ ಅಂತ ತಿಳಿಯಬೇಡಿ. ನಮ್ಮ ಸೋದರತ್ತೆಗೆ ಹದಿನಾಲ್ಕಕ್ಕೇ ಮದುವೆ. ಹದಿನೆಂಟಕ್ಕೆ ಮೈಮೇಲೆ ಅಮ್ಮ ಬರೋದಕ್ಕೆ ಶುರುವಾಯಿತು. ಹುಣ್ಣಿಮೆಗೆ ತಲೆಗೂದಲು ಬಿಚ್ಚಿಕೊಂಡು ಕೂತರೆ ಇಡೀ ಕೇರಿ ಬಂದು ಕಾಯಿ ಇಟ್ಟು ಕೇಳುತ್ತಿತ್ತು. ಮಿಕ್ಕ ದಿನ ಗಂಡನ ಎದುರಿಗೆ ತಲೆ ಎತ್ತದ ಅತ್ತೆ, ಆವತ್ತು ಅವನನ್ನು 'ಏನೋ, ಬಾರೋ ಇಲ್ಲಿ' ಅಂತ ಕರೆಯುತ್ತಿದ್ದಳು. ಅವನು ಬಂದು ಅಡ್ಡಬೀಳುತ್ತಿದ್ದ. ಆವತ್ತು ಅತ್ತೆಯ ಅತ್ತೆಯೂ ಅಡ್ಡಬೀಳುತ್ತಿದ್ದಳು. ಚಿಕ್ಕವಳಾಗಿ ನನಗೆ ಅದನ್ನು ನೋಡಿದರೆ ಭಯ, ಆದರೂ ಪ್ರತಿ ಹುಣ್ಣಿಮೆಗೂ ಕರೆದುಕೊಂಡು ಹೋಗು ಅಂತ ಹಟ ಮಾಡುತ್ತಿದ್ದೆ. ಆ 'ಏನೋ' ಕೇಳೋದಕ್ಕೆ.

ಅತ್ತೆಗೆ ಇದ್ದ ದಾರಿ ನನಗೆ ಇರಲಿಲ್ಲ. ಇಂಜಿನಿಯರಿಂಗ್ ಮಾಡಿ ಬೆಂಗಳೂರಿನ ಕಂಪನಿ ಸೇರಿದವಳ ಮೈಮೇಲೆ ಮಾರಮ್ಮ ಬರೋದಿಲ್ಲ. ಬಂದರೆ ಎಚ್‌ಆರ್‌ನವರು ಕರೆಸುತ್ತಾರೆ.

ಜಯನಗರದಲ್ಲಿ ಒಂದು ಬಟ್ಟೆ ಅಂಗಡಿಯ ಮೇಲಿನ ಮಹಡಿ. 2009. ನಿದ್ದೆ ಬಾರದೆ ಒದ್ದಾಡುತ್ತಿದ್ದ ದಿನಗಳವು. ಆಫೀಸಿನಲ್ಲಿ ಮ್ಯಾನೇಜರ್ ಕುರ್ಚಿ ಹಿಂದಕ್ಕೆ ತಳ್ಳಿದ ಸದ್ದಿಗೇ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಸಹೋದ್ಯೋಗಿಯೊಬ್ಬಳು ಸುಮ್ನೆ ಒಂದು ಸಲ ಬಾ ಅಂತ ಕರೆದುಕೊಂಡು ಹೋದಳು. ಹಳದಿ ಪರದೆ, ಧೂಪದ ವಾಸನೆ, ಫ್ಯಾನಿನ ಕಿರಿಕಿರಿ ಸದ್ದು. ಮಲಗಿ ಅಂದರು. ಮಲಗಿದೆ. ಐವತ್ತು ದಾಟಿದ ಹೆಂಗಸು, ಬಂದು ನನ್ನ ಕಣ್ಣ ಮೇಲೆ ಎರಡೂ ಅಂಗೈ ಇಟ್ಟರು. ಬೆಚ್ಚಗಿತ್ತು. ಐದು ನಿಮಿಷ ಹಾಗೇ ಇಟ್ಟಿದ್ದರು, ಆಮೇಲೆ ಕಿವಿ, ಆಮೇಲೆ ತಲೆಯ ಹಿಂಭಾಗ, ಗಂಟಲು, ಎದೆ. ಒಂದು ಗಂಟೆ ಯಾರೂ ಏನೂ ಕೇಳಲಿಲ್ಲ. ನನಗೆ ಅಳು ಬಂತು. ಯಾಕೆ ಅಂತಲೂ ಕೇಳಲಿಲ್ಲ, ಟಿಶ್ಯೂ ಕೊಟ್ಟರು.

ಆ ಕೈಯಿಂದ ಯಾವುದೋ ವಿಶ್ವಶಕ್ತಿ ಹರಿಯಿತು ಅನ್ನುವುದಕ್ಕೆ ವಿಜ್ಞಾನದಲ್ಲಿ ಪುರಾವೆ ಇಲ್ಲ. ಇರಬೇಕಾಗೂ ಇಲ್ಲ. ಇಪ್ಪತ್ತಾರು ವರ್ಷದ ನನ್ನ ತಲೆಯ ಮೇಲೆ ಒಂದು ಗಂಟೆ ಹೊತ್ತು ಯಾರಾದರೂ ಕೈ ಇಟ್ಟಿದ್ದು, ಅದೂ ಮುಂದೇನಾಗುತ್ತೋ ಅನ್ನುವ ಹೆದರಿಕೆ ಇಲ್ಲದ ಹಾಗೆ, ಅದೇ ಮೊದಲು.

ರೇಕಿ ಶುರುಮಾಡಿದವರು ಮಿಕಾವೊ ಉಸುಯಿ. ಜಪಾನಿನ ಕುರಾಮ ಬೆಟ್ಟದಲ್ಲಿ ಉಪವಾಸ ಕೂತು 1922ರಲ್ಲಿ ಅವರಿಗೆ ಇದು ಸಿಕ್ಕಿತು ಅನ್ನುತ್ತದೆ ಕಥೆ. 1926ರಲ್ಲಿ ತೀರಿಕೊಂಡರು. ಅದನ್ನು ಜಪಾನಿನಿಂದ ಹೊರಗೆ ತಂದಿದ್ದು ಹವಾಯಿಯ ಹವಾಯೊ ತಕಾತ ಅನ್ನುವ ಹೆಂಗಸು. ಜಪಾನಿನಿಂದ ಕೂಲಿಗೆ ಬಂದವರ ಮಗಳು, 1930ರಲ್ಲಿ ಗಂಡ ತೀರಿಕೊಂಡ, ಇಬ್ಬರು ಚಿಕ್ಕ ಹೆಣ್ಣುಮಕ್ಕಳು, ಮೈಯಲ್ಲಿ ನೂರು ಖಾಯಿಲೆ. 1935ರಲ್ಲಿ ಟೋಕಿಯೋಗೆ ಹೋದಾಗ ಅಲ್ಲಿನ ರೇಕಿ ಚಿಕಿತ್ಸಾಲಯದಲ್ಲಿ ವಾಸಿಯಾಯಿತು, ಅಲ್ಲೇ ನಿಂತು ಕಲಿತರು. ಕಲಿಸುವ ಮಟ್ಟಕ್ಕೆ ಏರಿಸಲು ಮುಂದೆ ಅವರು ಹತ್ತು ಸಾವಿರ ಡಾಲರ್ ತಗೊಳ್ಳುತ್ತಿದ್ದರು ಅನ್ನೋದೂ ಇದೇ ಕಥೆಯ ಭಾಗ, ಅದನ್ನು ನಮ್ಮ ಕ್ಲಾಸಿನಲ್ಲಿ ಹೇಳಲಿಲ್ಲ.

ಹೇಳಿಕೊಟ್ಟಿದ್ದು ಉಸುಯಿಯವರ ಐದು ನಿಯಮ. ಗೋಡೆಗೆ ಲ್ಯಾಮಿನೇಟ್ ಮಾಡಿ ಅಂಟಿಸಿದ್ದರು. ಮೊದಲನೆಯದು: ಇವತ್ತೊಂದು ದಿನ, ಕೋಪ ಮಾಡಿಕೊಳ್ಳುವುದಿಲ್ಲ. ಎರಡನೆಯದು: ಇವತ್ತೊಂದು ದಿನ, ಚಿಂತೆ ಮಾಡುವುದಿಲ್ಲ. ನಾನು ಆ ಹಾಳೆಯ ಮುಂದೆ ನಿಂತುಕೊಂಡೆ. ಇವತ್ತೊಂದು ದಿನ. ನಾನು ರೈಲ್ವೆ ಗೇಟಿನಲ್ಲಿ ಬೇಡಿಕೊಳ್ಳುತ್ತಿದ್ದುದು ಇಷ್ಟೇ ಅಲ್ವಾ? ನಾಳೆಯದ್ದು ನಾನೆಂದೂ ಕೇಳಿದವಳಲ್ಲ.

ಅವತ್ತೇ ಮೊದಲ ಹಂತಕ್ಕೆ ದುಡ್ಡು ಕಟ್ಟಿದೆ.

ಎರಡನೇ ವಾರದಲ್ಲಿ ಧ್ಯಾನ ಮಾಡಿಸಿದರು. ಹತ್ತೇ ನಿಮಿಷದಲ್ಲಿ ನಾನು ಎಲ್ಲೋ ಹೋಗಿಬಿಟ್ಟಿದ್ದೆ. ಕಣ್ಣು ಬಿಟ್ಟಾಗ ಮಿಕ್ಕವರೆಲ್ಲ ಟೀ ಕುಡಿಯುತ್ತಿದ್ದರು. ಗುರುಗಳು ನನ್ನನ್ನು ಪಕ್ಕಕ್ಕೆ ಕರೆದು, 'ನಿಮ್ಮದು ಹಳೆಯ ಆತ್ಮ, ವರ್ಷಗಟ್ಟಲೆ ಮಾಡಿದವರಿಗೂ ಇದು ಇಷ್ಟು ಬೇಗ ಹತ್ತೋದಿಲ್ಲ' ಅಂದರು. ನಾನು ಆಟೋದಲ್ಲಿ ಮನೆಗೆ ಹೋಗುವವರೆಗೂ ಆ ಮಾತನ್ನೇ ಚಪ್ಪರಿಸುತ್ತಿದ್ದೆ. ಹಳೆಯ ಆತ್ಮ.

ಸತ್ಯ ಏನು ಗೊತ್ತಾ? ನಮ್ಮ ಮನೆಯ ನಡುಮನೆ ಗೋಡೆಯಲ್ಲಿ ತೇವ ಕುಡಿದು ಒಂದು ಕಲೆ ಆಗಿತ್ತು. ಕುದುರೆಯ ಹಾಗಿತ್ತು. ಅಪ್ಪನ ಗಲಾಟೆ ಶುರುವಾದರೆ ನಾನು ಮೂಲೆಯಲ್ಲಿ ಕೂತು ಆ ಕುದುರೆಯನ್ನೇ ನೋಡುತ್ತಿದ್ದೆ. ನೋಡ್ತಾ ನೋಡ್ತಾ ಕುದುರೆ ಅಲ್ಲಾಡೋದು, ಆಮೇಲೆ ಸದ್ದೆಲ್ಲ ದೂರದಿಂದ ಬಂದ ಹಾಗೆ ಕೇಳೋದು, ಆಮೇಲೆ ಮೈ ಇದೆಯೋ ಇಲ್ಲವೋ. ತಮ್ಮ ಬಂದು ಅಲ್ಲಾಡಿಸಿದರೆ ಮಾತ್ರ ವಾಪಸ್. ನನಗೆ ಧ್ಯಾನ ಬೇಗ ಹತ್ತಿದ್ದಲ್ಲ. ಹದಿನೈದು ವರ್ಷ ಅಭ್ಯಾಸ ಆಗಿತ್ತು.

ಇದರ ಬಗ್ಗೆ ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಪೇರ್ ಗ್ರಾನ್‌ಕ್ವಿಸ್ಟ್ ಮತ್ತವರ ಜೊತೆಯವರು ಬಹಳ ಕೆಲಸ ಮಾಡಿದ್ದಾರೆ ಅಂತ ಗೊತ್ತಾಗಿದ್ದು ಎಷ್ಟೋ ವರ್ಷ ಆದಮೇಲೆ. ಅದರ ಬೇರು ಜಾನ್ ಬೌಲ್ಬಿ ಅನ್ನುವ ಇಂಗ್ಲಿಷ್ ಡಾಕ್ಟರ ವಿಚಾರದಲ್ಲಿದೆ. ಹೆದರಿದ ಮಗು ಯಾರ ಹತ್ತಿರ ಓಡುತ್ತದೆ, ಅಲ್ಲಿ ಅದಕ್ಕೆ ಏನು ಸಿಗುತ್ತದೆ, ಆ ಮಗುವಿನ ಮುಂದಿನ ನಂಟುಗಳೆಲ್ಲ ಅದರ ಮೇಲೆ ನಿಲ್ಲುತ್ತವೆ ಅನ್ನೋದು ಅವರ ವಾದ. (ಬೌಲ್ಬಿಯದೇ ಒಂದು ಕಥೆ ಇದೆ. ಸಿರಿವಂತರ ಮನೆ, ಅಮ್ಮ ದಿನಕ್ಕೆ ಒಂದು ಗಂಟೆ ಸಿಗುತ್ತಿದ್ದಳು ಅಷ್ಟೆ, ಸಾಕಿದ್ದು ದಾದಿ. ನಾಲ್ಕು ವರ್ಷದವರಿದ್ದಾಗ ಆ ದಾದಿ ಕೆಲಸ ಬಿಟ್ಟು ಹೋದಳು. ಆ ಹುಡುಗ ದೊಡ್ಡವನಾಗಿ ಬದುಕಿಡೀ ಇದನ್ನೇ ಅಧ್ಯಯನ ಮಾಡಿದ.) 1990ರಲ್ಲಿ ಕರ್ಕ್‌ಪ್ಯಾಟ್ರಿಕ್ ಮತ್ತು ಶೇವರ್ ಇದನ್ನು ದೇವರ ವಿಷಯಕ್ಕೆ ತಂದರು. ದೇವರೂ ಒಬ್ಬ ಓಡಿಹೋಗಿ ಅಪ್ಪಿಕೊಳ್ಳುವ ದೊಡ್ಡವರೇ ಅಲ್ವಾ, ಮನೆಯಲ್ಲಿ ಅದು ಸಿಗದ ಮಗು ಮುಂದೆ ಒಂದು ದಿನ ಇದ್ದಕ್ಕಿದ್ದಂತೆ ಅಲ್ಲಿಗೆ ಓಡಬಹುದು ಅಂತ. ಗ್ರಾನ್‌ಕ್ವಿಸ್ಟ್ 2001ರಲ್ಲಿ ಹೊಸಯುಗದ ಆಧ್ಯಾತ್ಮ, ಅಂದರೆ ಹರಳು, ಟ್ಯಾರೋ, ಹಿಂದಿನ ಜನ್ಮ ಇಂಥವುಗಳ ಕಡೆ ಒಲವಿರುವವರನ್ನು ಕೇಳಿ ನೋಡಿದಾಗ, ಚಿಕ್ಕಂದಿನಲ್ಲಿ ಅಪ್ಪ ಅಮ್ಮನ ಜೊತೆ ಗಟ್ಟಿ ನಂಟಿಲ್ಲದವರು ಅಲ್ಲಿ ಜಾಸ್ತಿ ಕಂಡರು. 2009ರ ಇನ್ನೊಂದು ಅಧ್ಯಯನ ನನ್ನ ಕುದುರೆಗೇ ಕೈ ಹಾಕಿತು. ಆಸರೆ ಕೊಡಬೇಕಾದವರೇ ಹೆದರಿಸಿದಾಗ ಮಗು ಎತ್ತ ಓಡಬೇಕು ಅಂತ ತಿಳಿಯದೆ ಒಳಗೇ ಓಡುವುದನ್ನು ಕಲಿಯುತ್ತದೆ, ಹಾಗೆ ಮುಳುಗಿಹೋಗುವ ಗುಣವೇ ಆ ಬಾಲ್ಯಕ್ಕೂ ಈ ಆಧ್ಯಾತ್ಮಕ್ಕೂ ನಡುವಿನ ಸೇತುವೆ ಇರಬಹುದು ಅಂತ.

ಇರಬಹುದು ಅಷ್ಟೆ. ಇವು ಸ್ವೀಡನ್ನಿನ ಜನರ ಮೇಲೆ ಮಾಡಿದ ಕೆಲಸಗಳು. ದೊಡ್ಡ ಗುಂಪಿನಲ್ಲಿ ಕಾಣುವ ಒಲವು, ಒಬ್ಬೊಬ್ಬರ ಜಾತಕ ಅಲ್ಲ. ಚೆನ್ನಾಗಿ ಬೆಳೆದು ಬರೀ ಕುತೂಹಲಕ್ಕೆ ಟ್ಯಾರೋ ಹಿಡಿದವರೂ ಇದ್ದಾರೆ, ನನಗಿಂತ ಕೆಟ್ಟ ಮನೆಯಿಂದ ಬಂದು ಯಾವ ಹರಳನ್ನೂ ಮುಟ್ಟದವರೂ ಇದ್ದಾರೆ. ನನ್ನ ತಮ್ಮನೇ ಇದ್ದಾನೆ. ಅದೇ ಮನೆ, ಅದೇ ಸ್ಕೂಟರ್. ಅವನು ದೇವರು, ದೆವ್ವ ಏನನ್ನೂ ನಂಬೋದಿಲ್ಲ, ದಿನಾ ಜಿಮ್ಮಿಗೆ ಹೋಗುತ್ತಾನೆ. ಮೈ ಗಟ್ಟಿ ಮಾಡಿಕೊಳ್ಳುವ ಹಟವೂ ಅಲ್ಲಿಂದಲೇ ಬಂದಿದ್ದಿರಬಹುದು, ಅದನ್ನು ಅವನ ಎದುರಿಗೆ ಹೇಳುವ ಧೈರ್ಯ ನನಗಿಲ್ಲ.

ಇನ್ನೊಂದು ವಿಷಯ ನನ್ನನ್ನು ಕೊರೆಯುತ್ತಿತ್ತು. ಎಲ್ಲ ಧರ್ಮಗಳ ಗುಟ್ಟಿನ ಜ್ಞಾನ ಹುಡುಕುತ್ತಿದ್ದ ಥಿಯಾಸಾಫಿಕಲ್ ಸೊಸೈಟಿ ಅನ್ನುವ ಸಂಘದವರ ಕಥೆ ಓದುವಾಗ ನೋಡಿ: 1875ರಲ್ಲಿ ನ್ಯೂಯಾರ್ಕಿನಲ್ಲಿ ಅದನ್ನು ಕಟ್ಟಿದವರಲ್ಲಿ ಒಬ್ಬರಾದ ಬ್ಲಾವಟ್‌ಸ್ಕಿ ಇನ್ನೂ ಚಿಕ್ಕ ಹುಡುಗಿ ಇದ್ದಾಗ, 1842ರಲ್ಲಿ, ತಾಯಿ ಹೋದರು. ಮುಂದೆ ಅದರ ಅಧ್ಯಕ್ಷೆಯಾದ ಆನಿ ಬೆಸೆಂಟ್‌ಗೆ ಐದು ವರ್ಷವಿದ್ದಾಗ ತಂದೆ ಹೋದರು. ಜಿಡ್ಡು ಕೃಷ್ಣಮೂರ್ತಿಗೆ ಹತ್ತಾಗಿದ್ದಾಗ, 1905ರಲ್ಲಿ, ತಾಯಿ ಹೋದರು. ತೀರಿಕೊಂಡ ಅಮ್ಮ ಮನೆಯಲ್ಲಿ ಓಡಾಡುವುದು ಆ ಹುಡುಗನಿಗೆ ಕಾಣುತ್ತಿತ್ತಂತೆ. ಸ್ಕೂಲಿನಲ್ಲಿ ದಡ್ಡ ಅಂತ ಏಟು. 1909ರಲ್ಲಿ, ಸೊಸೈಟಿಯ ಕೇಂದ್ರವಿದ್ದ ಮದ್ರಾಸಿನ ಅಡ್ಯಾರಿನ ಕಡಲತೀರದಲ್ಲಿ, ಅದರ ಮುಖಂಡ ಲೆಡ್‌ಬೀಟರ್ ಕಣ್ಣಿಗೆ ಬಿದ್ದು, ಜಗದ್ಗುರು ಆಗುವವನು ಇವನೇ ಅಂತಾಯಿತು. ಬೆಸೆಂಟ್ ಆ ಹುಡುಗನಿಗೆ ಅಮ್ಮನೇ ಆದರು, ಹೆತ್ತ ಅಪ್ಪ ಮಗನನ್ನು ವಾಪಸ್ ಕೊಡಿ ಅಂತ ಕೋರ್ಟಿಗೆ ಹೋಗುವಷ್ಟು. ಮೂವರೂ ಬಾಲ್ಯದಲ್ಲಿ ಕಳೆದುಕೊಂಡವರು. ನಾನು ಇದನ್ನು ಕಂಡುಹಿಡಿದ ದಿನ ಗಂಡನಿಗೆ ಉತ್ಸಾಹದಿಂದ ಹೇಳಿದೆ. ಅವನು, 'ಆ ಕಾಲದಲ್ಲಿ ಯಾರ ಮನೆಯಲ್ಲಿ ಸಾವಿರಲಿಲ್ಲ ಹೇಳು, ಅಪ್ಪ ಅಮ್ಮ ಸತ್ತವರೆಲ್ಲ ಅಡ್ಯಾರಿಗೆ ಹೋದರಾ?' ಅಂದ. ಸರಿಯೇ. ನಾನು ಮತ್ತೆ ಬೋಗಿ ಎಣಿಸುತ್ತಿದ್ದೆ.

ಆದರೂ ಕೃಷ್ಣಮೂರ್ತಿ 1929ರಲ್ಲಿ ತಮಗಾಗಿಯೇ ಕಟ್ಟಿದ ಸಂಘವನ್ನು ತಾವೇ ಎದ್ದು ನಿಂತು ಮುಚ್ಚಿ, ಸತ್ಯಕ್ಕೆ ದಾರಿಯೇ ಇಲ್ಲ ಅಂದಾಗ ಎದುರಿಗೆ ಕೂತಿದ್ದ ಸಾವಿರಾರು ಜನರಿಗೆ ಏನಾಗಿರಬೇಕು ಅಂತ ಎಷ್ಟೋ ಸಲ ಯೋಚಿಸುತ್ತೇನೆ. ಮತ್ತೊಂದು ಸಲ ಅನಾಥರು.

ನನ್ನ ಕಥೆ ಬಿಗಡಾಯಿಸಿದ್ದು ಹಿಂದಿನ ಜನ್ಮ ನೋಡುವವರ ಹತ್ತಿರ ಹೋದಾಗ. ಹೆಸರು, ಜಾಗ ಬೇಡ. ಮಲಗಿಸಿ, ಮೆಟ್ಟಿಲು ಇಳಿಯುತ್ತಿದ್ದೀರಿ ಅಂತ ಎಣಿಸಿದರು, ನಾನು ಎಂದಿನಂತೆ ಹತ್ತು ಎಣಿಸುವಷ್ಟರಲ್ಲಿ ಮಾಯ. ಏನೇನೋ ಕಂಡಿತು. ಒಂದು ಬಾವಿ, ಒಂದು ಹೆಂಗಸು, ಅಳುತ್ತಿರುವ ಗಂಡುಮಗು. ಎದ್ದು ಕೂತ ಮೇಲೆ ಅವರು ಅರ್ಥ ಹೇಳಿದರು. ಹಿಂದಿನ ಜನ್ಮದಲ್ಲಿ ನಾನು ನನ್ನ ಮಗನನ್ನು ಬಿಟ್ಟುಹೋಗಿದ್ದೆ. ಆ ಮಗನೇ ಈ ಜನ್ಮದ ಅಪ್ಪ. 'ನಿಮ್ಮ ಆತ್ಮ ಈ ಅಪ್ಪನನ್ನು ಆರಿಸಿಕೊಂಡೇ ಬಂದಿದ್ದು. ಪಾಠ ಕಲಿಯೋದಕ್ಕೆ.'

ನಂಬುತ್ತೀರೋ ಇಲ್ಲವೋ, ಮೊದಲ ಒಂದು ತಿಂಗಳು ನನಗೆ ಹಾಯೆನಿಸಿತ್ತು. ಎಷ್ಟೋ ವರ್ಷದಿಂದ ಕೇಳಿಕೊಳ್ಳುತ್ತಿದ್ದ 'ಯಾಕೆ' ಅನ್ನುವುದಕ್ಕೆ ಒಂದು ಉತ್ತರ ಅಂತ ಸಿಕ್ಕಿತಲ್ಲ. ಸುಮ್ಮಸುಮ್ಮನೆ ಪೆಟ್ಟು ತಿಂದೆ ಅನ್ನೋದಕ್ಕಿಂತ ಲೆಕ್ಕಕ್ಕೆ ತಿಂದೆ ಅನ್ನೋದು ವಾಸಿ. ಲೆಕ್ಕ ಇದೆ ಅಂದರೆ ಅದು ತೀರುತ್ತದೆ ಕೂಡ. ಈ ಹಾಯೆನಿಸುವಿಕೆಯ ಬಲ ಎಷ್ಟು ಅಂತ ಹೊರಗಿನವರಿಗೆ ಗೊತ್ತಾಗೋದಿಲ್ಲ, ಅದಕ್ಕೇ ಅವರು ನಗುತ್ತಾರೆ.

ಆಮೇಲೆ ದೀಪಾವಳಿಗೆ ಊರಿಗೆ ಹೋದೆ. ಅಜ್ಜಿ ಹೂಬತ್ತಿ ಹೊಸೆಯುತ್ತಾ ಕೂತಿತ್ತು. ನಾನು ಮಾತಿಗೆ ಮಾತು ಬಂದು ಅಪ್ಪನ ವಿಷಯ ತೆಗೆದೆ. ಅಜ್ಜಿ ತಲೆ ಎತ್ತದೆ, 'ಪಡಕೊಂಡು ಬಂದಿದ್ದು ಕಣೆ ಮಗಾ, ಅನುಭವಿಸಬೇಕು' ಅಂತು. ನಾನು ಹಾಗೇ ಕೂತುಬಿಟ್ಟೆ. ಬೆಂಗಳೂರಿನಲ್ಲಿ ಏಸಿ ರೂಮಿನಲ್ಲಿ ಮೂರು ಸಾವಿರ ಕೊಟ್ಟು ಕೇಳಿಸಿಕೊಂಡಿದ್ದೂ ಇದೇ ಮಾತು. ಅಮ್ಮನಿಗೆ ಎಲ್ಲರೂ ಹೇಳಿ ಹೇಳಿ ಬಾಯಿ ಮುಚ್ಚಿಸಿದ್ದೂ ಇದೇ ಮಾತು. ನಾನು ಯಾವ ಮನೆಯಿಂದ ಓಡಿಬಂದೆನೋ ಅದರ ಹಿತ್ತಿಲ ಬಾಗಿಲಿಗೇ ಬಂದು ನಿಂತಿದ್ದೆ.

ಏಳು ವರ್ಷದ ಹುಡುಗಿ ಏನನ್ನೂ ಆರಿಸಿಕೊಂಡಿರಲಿಲ್ಲ. ರಾತ್ರಿ ಬಸ್ಸಿನಲ್ಲಿ ವಾಪಸ್ ಬರುವಾಗ ಇದೊಂದೇ ವಾಕ್ಯ ತಲೆಯಲ್ಲಿ ಓಡುತ್ತಿತ್ತು, ಮೈಯೆಲ್ಲ ಸಿಟ್ಟಿನಿಂದ ಬಿಸಿಯಾಗಿತ್ತು. ಅಪ್ಪನ ಮೇಲೆ ನನಗೆ ನೇರವಾಗಿ ಸಿಟ್ಟು ಬಂದಿದ್ದು ಆವತ್ತೇ ಮೊದಲು. ಅಲ್ಲಿವರೆಗೂ 'ಕ್ಷಮಿಸಿದ್ದೇನೆ' ಅಂತ ತಿಳಿದುಕೊಂಡಿದ್ದೆ. ಸಿಟ್ಟೇ ಬರದವರು ಕ್ಷಮಿಸೋದಾದರೂ ಏನನ್ನು?

ಒಂದು ಸಲ ಮೌನದ ಶಿಬಿರಕ್ಕೂ ಹೋಗಿದ್ದೆ. ಹತ್ತು ದಿನದ್ದು, ನಾಲ್ಕನೇ ದಿನಕ್ಕೆ ಎದ್ದು ಬಂದೆ. ಶಿಬಿರದ್ದೇನೂ ತಪ್ಪಿಲ್ಲ, ಅನ್ನ ಸಾರು ಚೆನ್ನಾಗಿತ್ತು, ದುಡ್ಡೂ ಕೇಳಲಿಲ್ಲ, ಎಷ್ಟೋ ಜನರಿಗೆ ಅದರಿಂದ ಒಳ್ಳೆಯದಾಗಿದೆ. ನಮ್ಮ ಮನೆಯಲ್ಲಿ ಮೌನ ಅಂದರೆ ಗೇಟಿಗೆ ಸ್ಕೂಟರ್ ಗುದ್ದಿದ ಮೇಲಿನ ಅರ್ಧ ನಿಮಿಷ. ನಾಲ್ಕು ದಿನ ನಾನು ಆ ಅರ್ಧ ನಿಮಿಷದಲ್ಲೇ ಕೂತಿದ್ದೆ. ಧ್ಯಾನದಿಂದ ಕೆಲವರಿಗೆ ಹಳೆಯದು ಕೆದಕಿ ತೊಂದರೆ ಆಗಬಹುದು ಅಂತ ಈಗೀಗ ಅಧ್ಯಯನಗಳೂ ಹೇಳುತ್ತಿವೆ. ಆಗ ನನಗೆ ಗೊತ್ತಿದ್ದರೆ ನನ್ನನ್ನೇ ಬೈದುಕೊಳ್ಳುವುದು ಸ್ವಲ್ಪ ಕಡಿಮೆ ಆಗುತ್ತಿತ್ತು.

ಮೊದಲೇ ಡಾಕ್ಟರ ಹತ್ತಿರ ಹೋಗಬಹುದಿತ್ತಲ್ಲ ಅಂತೀರಾ? ನಿಮ್ಹಾನ್ಸ್ ಇರೋದು ಜಯನಗರದ ಪಕ್ಕದಲ್ಲೇ. ನಾನು ರೇಕಿಗೆ ಹೋಗುತ್ತಿದ್ದ ಮಹಡಿಯಿಂದ ಆಟೋದಲ್ಲಿ ಸ್ವಲ್ಪ ಹೊತ್ತು. ಆದರೆ ನಮ್ಮೂರಲ್ಲಿ ಯಾರನ್ನಾದರೂ 'ನಿಮ್ಹಾನ್ಸ್‌ಗೆ ತೋರಿಸಬೇಕು' ಅಂದರೆ ಅದು ಬೈಗುಳ. ರೇಕಿ ಕಲಿಯುತ್ತಿದ್ದೇನೆ ಅಂತ ಪಕ್ಕದ ಮನೆಯವರಿಗೂ ಹೇಳಬಹುದು, ಅವರೇ ಕೈ ಚಾಚಿ 'ನನ್ನ ಮಂಡಿಗೂ ಸ್ವಲ್ಪ ಇಡಮ್ಮ' ಅಂತಾರೆ. ಮನಸ್ಸಿನ ಡಾಕ್ಟರ ಹತ್ತಿರ ಹೋಗುತ್ತಿದ್ದೇನೆ ಅಂತ ಮದುವೆ ಆಗದ ಹುಡುಗಿ ಯಾರಿಗೆ ಹೇಳುತ್ತಾಳೆ? ರೇಕಿಯಲ್ಲಿ ನೀವು ರೋಗಿಯಲ್ಲ, ಸಾಧಕಿ. ಅದು ಸಣ್ಣ ವಿಷಯ ಅಲ್ಲ.

ಕೊನೆಗೆ ಹೋದೆ. ಮದುವೆ ಆಗಿ, ಮಗಳು ಹುಟ್ಟಿ, ಒಂದು ದಿನ ಹಾಲು ಚೆಲ್ಲಿದ್ದಕ್ಕೆ ಮಗುವಿನ ಮೇಲೆ ಕೈ ಎತ್ತಿದಾಗ, ನನ್ನ ಕೈ ಅಪ್ಪನ ಕೈಯ ಹಾಗೆಯೇ ಕಂಡಿತು. ಹೊಡೆಯಲಿಲ್ಲ. ಮಾರನೇ ದಿನವೇ ಕೌನ್ಸೆಲರ್ ಒಬ್ಬರ ಹತ್ತಿರ ಹೋದೆ. ನಿಧಾನದ ಕೆಲಸ ಅದು. ರೇಕಿಯ ಮೊದಲ ದಿನದ ಹಾಗೆ ಅಲ್ಲಿ ಏನೂ ಬೆಚ್ಚಗೆ ಆಗೋದಿಲ್ಲ, ಎಷ್ಟೋ ಸಲ ಅವರ ಮೇಲೇ ಸಿಟ್ಟು ಮಾಡಿಕೊಂಡು ಎದ್ದು ಬಂದಿದ್ದೇನೆ. ಆದರೆ ಅವರು ನನ್ನನ್ನು ಹಳೆಯ ಆತ್ಮ ಅನ್ನಲಿಲ್ಲ. ಕುದುರೆಯ ಕಥೆ ಕೇಳಿ, 'ಆ ಹುಡುಗಿ ಬಹಳ ಜಾಣೆ, ಇದ್ದಲ್ಲೇ ದಾರಿ ಹುಡುಕಿಕೊಂಡಳು' ಅಂದರು. ಹಾಗಂತ ಜಯನಗರದ ಮಹಡಿಯ ಆ ಹೆಂಗಸನ್ನು ನಾನು ಬೈಯೋದಿಲ್ಲ. ಅವರು ಕೈ ಇಡದಿದ್ದರೆ ನಾನು ಇಷ್ಟು ದೂರ ಬರುತ್ತಿದ್ದೆನೋ ಇಲ್ಲವೋ.

ಗೆಳತಿಗೆ ಆವತ್ತು ರಾತ್ರಿ ಏನು ಉತ್ತರ ಬರೆಯೋದು ಅಂತ ಬಹಳ ಹೊತ್ತು ಹಿಡಿಯಿತು. ಕೊನೆಗೆ, 'ನಿದ್ದೆ ಬರ್ತಿಲ್ವಾ? ಫೋನ್ ಮಾಡ್ಲಾ?' ಅಂತ ಹಾಕಿದೆ. ತಕ್ಷಣ ಅವಳೇ ಮಾಡಿದಳು. ಒಂದೂವರೆ ಗಂಟೆ ಮಾತಾಡಿದೆವು, 11:11ರ ಸುದ್ದಿ ಮತ್ತೆ ಬರಲಿಲ್ಲ. ಅವಳ ಅಮ್ಮನಿಗೆ ಹುಷಾರಿಲ್ಲ, ಆ ಮನೆಗೆ ಹೋಗಿ ಇರಬೇಕಾ ಬೇಡವಾ ಅಂತ ಅವಳಿಗೆ ಗೊತ್ತಾಗುತ್ತಿಲ್ಲ. ಇದನ್ನೆಲ್ಲ ಬರೆಯಲಾ ಅಂತ ಕೇಳಿದ್ದಕ್ಕೆ, ಹೆಸರು ಹಾಕಬೇಡ ಅಷ್ಟೆ, ಅಂದಳು.

ನಾನಿನ್ನೂ ಪೂರ್ತಿ ಬಿಟ್ಟವಳಲ್ಲ. ನಮ್ಮದು ಅಪಾರ್ಟ್‌ಮೆಂಟು, ನಾಲ್ಕನೇ ಮಹಡಿ. ಸಂಜೆ ಗಂಡ ಬರುವ ಹೊತ್ತಿಗೆ ಲಿಫ್ಟಿನ ಬಾಗಿಲು ತೆರೆದ ಸದ್ದಾದರೆ ಒಲೆ ಮುಂದೆ ನಿಂತಿದ್ದರೂ ನನ್ನ ಕೈ ನಿಲ್ಲುತ್ತದೆ. ಬೀಗದಕೈ ತೂತಿಗೆ ಮೆಲ್ಲಗೆ ಹೋಯಿತಾ, ಜೋರಾಗಿ ಹೋಯಿತಾ ಅಂತ ಕಿವಿ ತಾನೇ ತೂಗಿ ನೋಡುತ್ತದೆ. ಹದಿಮೂರು ವರ್ಷದಲ್ಲಿ ಆ ಮನುಷ್ಯ ಒಂದು ಸ್ಟೀಲ್ ಲೋಟವನ್ನೂ ಎತ್ತಿ ಹಾಕಿಲ್ಲ. ಮಗಳು ನಡುಮನೆಯಲ್ಲಿ ನೆಲದ ಮೇಲೆ ಬೋರಲು ಮಲಗಿ ಟಿವಿ ನೋಡುತ್ತಿರುತ್ತಾಳೆ, ಬಾಗಿಲು ಅವಳ ಬೆನ್ನಿಗೆ. ತಿರುಗಿ ಕೂಡ ನೋಡೋದಿಲ್ಲ. 'ಅಪ್ಪ ಬಂದ್ರು ನೋಡೇ' ಅಂತ ನಾನೇ ಕೂಗಬೇಕು.

'ಹೂಂ, ಬಂದಿರ್ತಾರೆ' ಅಂತಾಳೆ.